ಗುದ್ದಿದ ಕಾರು ಗ್ಯಾರೇಜಲ್ಲಿ, ಬಾಡಿಗೆ ಇನ್ಶೂರೆನ್ಸ್ ಲೆಕ್ಕದಲ್ಲಿ

"ಇನ್ಶೂರೆನ್ಸಿನವರು ಬಂಪರಿಗೇ ಸರಿಯಾಗಿ ಕೊಡುವುದಿಲ್ಲ, ಇನ್ನು ಬಾಡಿಗೆ ಕಾರಿಗೆ ಕೊಡ್ತಾರಾ ಮಾರಾಯ್ರೆ?" ಗ್ಯಾರೇಜಿನ ಅಡ್ವೈಸರನಿಂದ ಹಿಡಿದು ನನ್ನ ಭಾವನವರೆಗೆ ಎಲ್ಲರದ್ದೂ ಒಂದೇ ರಾಗ. ಕೊಟ್ಟರು. ₹11,000ದ ಹತ್ತಿರ ಖಾತೆಗೆ ಬಿತ್ತು.

ಮಂಗಳೂರಿನ ನಂತೂರು ಸರ್ಕಲಿನಲ್ಲಿ ಜೋರು ಮಳೆಗೆ ಹಿಂದಿನಿಂದ ಟೆಂಪೋ ಬಂದು ಗುದ್ದಿ, ನನ್ನ ಕಾರು ಮುಂದಿನ ಬಸ್ಸಿಗೆ ಹೋಗಿ ತಾಗಿತ್ತು. ಹಿಂದೆ ಡಿಕ್ಕಿ ಒಳಗೆ ಹೋಗಿದೆ, ಮುಂದೆ ರೇಡಿಯೇಟರ್ ಒಡೆದಿದೆ. ನನ್ನದು ಸಿಸಿಟಿವಿ ಸರ್ವಿಸ್. ಸುರತ್ಕಲ್, ಪಡುಬಿದ್ರಿ, ಉಡುಪಿ, ಮಣಿಪಾಲ ಅಂತ ದಿನಾ ಓಡಾಟ. ಏಣಿ ಹಿಡಿದುಕೊಂಡು ಎಕ್ಸ್‌ಪ್ರೆಸ್ ಬಸ್ಸಿಗೆ ಹತ್ತಿದರೆ ಕಂಡಕ್ಟರ್ ಎಂತ ಹೇಳ್ತಾನೆ ಅಂತ ನೋಡಿಯೂ ಆಯಿತು.

ನನ್ನ ಪಾಲಿಸಿಯಲ್ಲಿ ಡೈಲಿ ಅಲೊವೆನ್ಸ್ ಆಡ್-ಆನ್ ಉಂಟು, ಅಂದರೆ ಕಾರು ರಿಪೇರಿಯಲ್ಲಿರುವ ದಿನಗಳಿಗೆ ಓಡಾಟದ ಖರ್ಚು ಕೊಡುವ ಹೆಚ್ಚುವರಿ ಕವರ್. ಅದಕ್ಕೆ ಕಟ್ಟಿದ್ದು ₹450ರ ಆಸುಪಾಸು. ದಿನಕ್ಕೆ ₹1,000, ಮೊದಲ ಮೂರು ದಿನ ಕಡಿತ, ಹೆಚ್ಚೆಂದರೆ 15 ದಿನ. ಕಂಪೆನಿಯವರು ಶುರುವಿಗೆ "ದುಡ್ಡು ಇಲ್ಲ, ಸ್ಟಾಂಡ್‌ಬೈ ಕಾರು ಕಳಿಸ್ತೇವೆ" ಎಂದರು. ಕಾರು ಕೊಡುವ ಅವರ ಏಜೆನ್ಸಿ ಇರುವುದು ಬೆಂಗಳೂರಿನಲ್ಲಿ! ಮಂಗಳೂರಿಗೆ ಕಾರು ಬರುವುದಿಲ್ಲ ಎಂಬುದನ್ನು ಫೋನಿನಲ್ಲಿ ಕೇಳಿ ಬಿಡದೆ ಮೇಲ್‌ನಲ್ಲಿ ಬರೆಸಿಕೊಂಡೆ. ನಗದು ಕೊಡುವ ದಾರಿ ತೆರೆದದ್ದೇ ಆ ಒಂದು ಸಾಲಿನಿಂದ.

ಮೊದಲು ಪರಿಚಯದವರ ಬಿಳಿ ಬೋರ್ಡ್ ಕಾರು, ಅಂದರೆ ಸ್ವಂತ ಬಳಕೆಯದ್ದು, ದಿನಕ್ಕೆ ₹1,100ಕ್ಕೆ ಸಿಕ್ಕಿತ್ತು. ಚೀಟಿಯಲ್ಲಿ ಬರೆದ ಆ ಬಿಲ್ ನೇರ ವಾಪಸ್. ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿ ಅದೂ ಗುದ್ದಿದರೆ ಅದರ ಇನ್ಶೂರೆನ್ಸೂ ಕೈಕೊಡುತ್ತದೆ, ಅದು ಬೇರೆ ಬಂಗ. ಪುಣ್ಯಕ್ಕೆ ಆ ದಿನಗಳು ಹೇಗೂ ಮೂರು ದಿನದ ಕಡಿತದಲ್ಲೇ ಹೋಗುವಂಥವು. ಆಮೇಲೆ ಬಾಡಿಗೆಗೆಂದೇ ಇರುವ ಕಪ್ಪು ಬೋರ್ಡಿನ ಸೆಲ್ಫ್ ಡ್ರೈವ್ ಕಾರು ಹಿಡಿದೆ. ₹1,700 ಹೇಳಿದ್ದನ್ನು ₹1,250ರ ಹತ್ತಿರಕ್ಕೆ ಇಳಿಸಿದೆ. ಹೇಗೆ ಅಂತ ಕೇಳಬೇಡಿ, ಮುಂದಿನ ಮಳೆಗಾಲಕ್ಕೆ ನನಗೇ ಬೇಕಾದೀತು. ಜಿಎಸ್‌ಟಿ ಬಿಲ್ ಮಾತ್ರ ಬಿಡಲಿಲ್ಲ.

ನಿಜವಾದ ಜಗಳ ತಾರೀಕಿನದ್ದು. ಕಾರು ಗ್ಯಾರೇಜಿಗೆ ಬಂದ ದಿನ, ನಷ್ಟ ನೋಡುವ ಇನ್ಶೂರೆನ್ಸ್ ಸರ್ವೇಯರ್ ಅಪ್ರೂವಲ್ ಕೊಟ್ಟ ದಿನ, ಕೆಲಸ ಮುಗಿದ ದಿನ, ಈ ಮೂರು ಕಾಗದದಲ್ಲಿ ಇಲ್ಲದಿದ್ದರೆ ಆಡ್-ಆನ್ ಇದ್ದೂ ಇಲ್ಲದ ಹಾಗೆ. ಗ್ಯಾರೇಜಿನವರು ಕೆಲಸ ಬರೆಯುವ ನಮ್ಮ ಜಾಬ್‌ಕಾರ್ಡಿನಲ್ಲಿ ಬಂದ ದಿನ ಅಂತ ಸರ್ವೇ ಆದ ತಾರೀಕು ಬರೆದಿದ್ದರು. ನನ್ನ ಕೈಯಲ್ಲಿದ್ದದ್ದು ಗೇಟಿನ ಸೆಕ್ಯುರಿಟಿ ಕೊಟ್ಟ ಪಾಸ್. ಮಳೆಗೆ ಶಾಯಿ ಹರಡಿ ಗಾಡಿ ನಂಬರ್ ಅರ್ಧ ಅಳಿಸಿದ್ದರೂ ತಾರೀಕು, ಸಂಜೆ 7.40 ಎಂಬುದು ಸ್ಪಷ್ಟ ಇತ್ತು. ಅದನ್ನು ತೋರಿಸಿ ಜಾಬ್‌ಕಾರ್ಡ್ ತಿದ್ದಿಸಿದೆ.

ಇನ್ನೊಂದು ಕೊಕ್ಕೆ ಪಾರ್ಟ್ಸ್‌ನದ್ದು. ಪಾರ್ಟ್ಸ್ ಕಾದ ದಿನ ಲೆಕ್ಕಕ್ಕಿಲ್ಲ ಅಂತ ನನ್ನ ಪಾಲಿಸಿಯಲ್ಲಿ ಬರೆದಿತ್ತು. ಹಾಗಾಗಿ ರೇಡಿಯೇಟರ್ ಬರುವ ತನಕ ಕಾರನ್ನು ಸುಮ್ಮನೆ ನಿಲ್ಲಿಸಲು ಬಿಡದೆ ಹಿಂದಿನ ಟಿಂಕರಿಂಗ್ ಶುರು ಮಾಡಿಸಿದೆ, ಕೆಲಸ ನಡೆದದ್ದಕ್ಕೆ ಗ್ಯಾರೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿಯೂ ಇಟ್ಟೆ. ಆದರೂ ಮೊದಲ ಉತ್ತರ "ರಿಜೆಕ್ಟೆಡ್". ಇನ್ಶೂರೆನ್ಸ್ ದೂರಿಗೆಂದೇ ಇರುವ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ಹಾಕಿ, 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಇಂಥ ಜಗಳ ತೀರಿಸುವ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ, ಅಲ್ಲಿ ಫೀಸೂ ಇಲ್ಲ ಅಂತ ಬರೆದೆ. ಮತ್ತೆ ಫೋನ್ ಬಂದದ್ದು ಅವರ ಕಡೆಯಿಂದಲೇ, ದನಿಯೂ ಮೆತ್ತಗಾಗಿತ್ತು.

ಬಾಡಿಗೆಯನ್ನು ಟೆಂಪೋದ ಥರ್ಡ್ ಪಾರ್ಟಿ ಇನ್ಶೂರೆನ್ಸಿನಿಂದಲೇ ವಸೂಲು ಮಾಡಬಹುದಾ ಅಂತಲೂ ನೋಡಿದೆ. ಆಸ್ತಿ ನಷ್ಟಕ್ಕೆ ₹7.5 ಲಕ್ಷದವರೆಗೆ ಅವಕಾಶ ಉಂಟು, ಆದರೆ ವಾಹನ ಅಪಘಾತದ ಟ್ರಿಬ್ಯುನಲ್ ಹತ್ತಬೇಕು. ವಕೀಲರು "ಹತ್ತಿಪ್ಪತ್ತು ಸಾವಿರಕ್ಕೆ ವರ್ಷಗಟ್ಟಲೆ ಯಾಕೆ ಓಡಾಡ್ತೀರಿ?" ಎಂದರು. ಬಿಟ್ಟೆ.

ಬಾಡಿಗೆ ಒಟ್ಟು ₹18,000 ಆಗಿರಬಹುದು, ಏಳು ಸಾವಿರದಷ್ಟು ಕೈಯಿಂದ ಹೋಯಿತು. ಬಾಡಿಗೆಯವರ ಹತ್ತಿರ ಇಟ್ಟ ಡೆಪಾಸಿಟ್ ₹5,000 ಬರಲು ಇನ್ನಷ್ಟು ದಿನ ಹಿಡಿಯಿತು. ಹೆಜಮಾಡಿ ಟೋಲಿನ ಫಾಸ್ಟ್‌ಟ್ಯಾಗ್ ಲೆಕ್ಕ ಕಳೆದು ಉಳಿದದ್ದನ್ನು ಕೊಟ್ಟರು.