ಜೀಬ್ರಾಮೀನಿನ ಸಂಶೋಧನಾ ಸಾಧನಗಳಿಗೆ ಸರ್ಕಾರಿ ಅನುದಾನ: ಅರ್ಜಿ ಬರೆಯುವುದು ಹೇಗೆ?

ಜೀಬ್ರಾಮೀನಿನ ಭ್ರೂಣ ಗಾಜಿನಷ್ಟು ಪಾರದರ್ಶಕ. ಫಲಿತಗೊಂಡ ಎರಡನೆಯ ದಿನಕ್ಕೇ ಅದರ ಹೃದಯ ಬಡಿಯುವುದನ್ನೂ ರಕ್ತಕಣಗಳು ಬಾಲದತ್ತ ಸಾಗುವುದನ್ನೂ ಸೂಕ್ಷ್ಮದರ್ಶಕದಡಿ ಕಣ್ಣಾರೆ ನೋಡಬಹುದು. ಮನುಷ್ಯನ ವಂಶವಾಹಿಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಈ ಮೀನಿನಲ್ಲಿ ಸಂವಾದಿ ವಂಶವಾಹಿ ಇದೆಯೆಂದು 2013ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ತೋರಿಸಿತು. ಆದ್ದರಿಂದಲೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್, ಜೀಬ್ರಾಮೀನಿನ ತಳಿವಿಜ್ಞಾನದ ಸಾಧನಗಳಿಗೆಂದೇ ಈ ಹಿಂದೆ ಪ್ರತ್ಯೇಕವಾಗಿ ಅರ್ಜಿಗಳನ್ನು ಆಹ್ವಾನಿಸಿದೆ.

ಮೊದಲು, ನೀವು ಕೇಳುತ್ತಿರುವುದು ಸಾಧನಕ್ಕೋ ಒಂದು ಪ್ರಶ್ನೆಯ ಉತ್ತರಕ್ಕೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಸಾಧನವೆಂದರೆ ಇಲ್ಲಿ ಬೇರೆ ಪ್ರಯೋಗಾಲಯಗಳೂ ಬಳಸಬಹುದಾದ ಮೀನಿನ ತಳಿ ಅಥವಾ ವಿಧಾನ. ನಿಮ್ಮ ಪ್ರಯೋಗಾಲಯಕ್ಕೆ ಮಾತ್ರ ಒದಗುವ ತಳಿ, ಎಷ್ಟೇ ಚೆನ್ನಾಗಿದ್ದರೂ, ಇಂಥ ಅನುದಾನದ ಉದ್ದೇಶಕ್ಕೆ ಹೊಂದುವುದಿಲ್ಲ.

ಬರೆಯಲು ಕೂರುವ ಮುನ್ನವೇ, ಅನುದಾನವನ್ನು ನೋಡಿಕೊಳ್ಳುವ ಎನ್‌ಐಎಚ್‌ನ ಕಾರ್ಯಕ್ರಮಾಧಿಕಾರಿಯನ್ನು ಸಂಪರ್ಕಿಸಿ. ಕೇಳುವ ಮೊತ್ತ ದೊಡ್ಡದಾಗಿದ್ದರೆ, ಅರ್ಜಿ ಸಲ್ಲಿಸಲು ಮುಂಚಿತ ಒಪ್ಪಿಗೆ ಬೇಕೇ ಎಂದು ಅವರನ್ನೇ ಕೇಳಿ.

ಗುರಿಗಳಿಗೆ ಒಂದು ಪುಟ, ಆರ್01 ಎಂಬ, ಸಂಶೋಧನಾ ಯೋಜನೆಗೆ ಕೊಡುವ ಎನ್‌ಐಎಚ್‌ನ ಸಾಮಾನ್ಯ ಅನುದಾನದ ಅರ್ಜಿಯಲ್ಲಿ ಸಂಶೋಧನಾ ವಿಧಾನಕ್ಕೆ 12 ಪುಟ. ಇಲ್ಲಿ ಹೆಚ್ಚು ಅರ್ಜಿಗಳು ಎಡವುವುದು ಕಾಲದ ಲೆಕ್ಕದಲ್ಲಿ ಎಂಬುದು ನನ್ನ ಅನಿಸಿಕೆ. ಏಕಕೋಶದ ಹಂತದಲ್ಲಿ ಕ್ರಿಸ್ಪರ್ ಎಂಬ ವಂಶವಾಹಿ ತಿದ್ದುವ ಸಾಧನವನ್ನು ಚುಚ್ಚಿದ ಭ್ರೂಣ ಬೆಳೆದಾಗ ಅದರ ಎಲ್ಲ ಕೋಶಗಳಲ್ಲೂ ಒಂದೇ ಬದಲಾವಣೆ ಇರುವುದಿಲ್ಲ. ಬದಲಾವಣೆ ಅಂಡ ಅಥವಾ ವೀರ್ಯಕ್ಕೆ ದಾಟಿದೆಯೇ ಎಂಬುದು ಮುಂದಿನ ಪೀಳಿಗೆಯಲ್ಲಷ್ಟೇ ತಿಳಿಯುತ್ತದೆ. ಪ್ರತಿ ಪೀಳಿಗೆ ಬಲಿಯಲು ಸುಮಾರು ಮೂರು ತಿಂಗಳು ಹಿಡಿಯುವುದರಿಂದ, ವಂಶವಾಹಿಯ ಎರಡೂ ಪ್ರತಿಗಳು ಬದಲಾದ ಭ್ರೂಣ ಕೈಗೆ ಸಿಗುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆ. ಸಾಧ್ಯವಾದರೆ ಒಂದೇ ಒಂದು ತಳಿಯನ್ನಾದರೂ ಈ ಹಂತದವರೆಗೆ ತಂದು, ಅದರ ಚಿತ್ರವನ್ನು ಅರ್ಜಿಯಲ್ಲಿ ಸೇರಿಸಿ.

ತಳಿಗಳನ್ನು ಇತರರಿಗೆ ಹೇಗೆ ತಲುಪಿಸುತ್ತೀರಿ ಎಂದು ಹೇಳುವ ಹಂಚಿಕೆಯ ಯೋಜನೆಯನ್ನು ಕೊನೆಯ ರಾತ್ರಿಗೆ ಬಿಡಬೇಡಿ. ಅಮೆರಿಕದ ಆರೆಗಾನ್ ರಾಜ್ಯದ ಯೂಜೀನ್‌ನಲ್ಲಿರುವ ಅಂತರರಾಷ್ಟ್ರೀಯ ಜೀಬ್ರಾಮೀನು ಸಂಪನ್ಮೂಲ ಕೇಂದ್ರವು ತಳಿಗಳ ವೀರ್ಯವನ್ನು ಘನೀಕರಿಸಿ ಕಾಯ್ದಿಟ್ಟು, ಕೇಳಿದ ಪ್ರಯೋಗಾಲಯಗಳಿಗೆ ತಳಿಗಳನ್ನು ಒದಗಿಸುತ್ತದೆ. ಯಾವ ತಳಿಯನ್ನು ಯಾವ ತಿಂಗಳಲ್ಲಿ ಅಲ್ಲಿಗೆ ಒಪ್ಪಿಸುತ್ತೀರಿ, ವಿವರಗಳನ್ನು ಜೀಬ್ರಾಮೀನಿನ ಮಾಹಿತಿಯ ಜಿಫಿನ್ ದತ್ತಸಂಚಯಕ್ಕೆ ಯಾವಾಗ ಸೇರಿಸುತ್ತೀರಿ ಎಂಬುದನ್ನು ನಿಖರವಾಗಿ ಬರೆಯಿರಿ. ಸಾರ್ವಜನಿಕರ ಹಣದಿಂದ ಹುಟ್ಟಿದ ಮೀನು ಒಂದೇ ತೊಟ್ಟಿಯಲ್ಲಿ ಉಳಿಯಬಾರದು.

ಪರಿಶೀಲಕರು 1ರಿಂದ 9ರವರೆಗೆ ಅಂಕ ಕೊಡುತ್ತಾರೆ, 1 ಅತ್ಯುತ್ತಮ. ಅನುದಾನ ಸಿಗದಿದ್ದರೆ 37 ತಿಂಗಳೊಳಗೆ ಅದೇ ಅರ್ಜಿಯನ್ನು ತಿದ್ದಿ ಮತ್ತೊಮ್ಮೆ ಸಲ್ಲಿಸಬಹುದು. ಆಗ ಪರಿಶೀಲಕರ ಆಕ್ಷೇಪಗಳಿಗೆ ಉತ್ತರಿಸಲು ಒಂದು ಪುಟದ ಪೀಠಿಕೆಗೆ ಅವಕಾಶವಿರುತ್ತದೆ.