ಕಾಕಾ, ಮೊಳೆ ಮತ್ತು ರೋಮನ್ ಅಂಕಿ

ಪುಸ್ತಕ ತೆರೆದರೆ ಮೊದಲು ಸಿಗುವುದು ಮುನ್ನುಡಿ. ಪ್ರೆಸ್ಸಿಗೆ ಎಲ್ಲಕ್ಕಿಂತ ಕೊನೆಗೆ ಬರುವುದೂ ಅದೇ. ಬರೆದುಕೊಡುತ್ತೇನೆ ಅಂದ ಹಿರಿಯರು ತಿಂಗಳುಗಟ್ಟಲೆ ಕಾಯಿಸುತ್ತಾರೆ. ಅಷ್ಟರಲ್ಲಿ ಒಳಗಿನ ಪುಟಗಳು 1ರಿಂದ ಶುರುವಾಗಿ ಅಚ್ಚಾಗಿ ಮುಗಿದಿರುತ್ತವೆ. ಆಮೇಲೆ ಬಂದ ಮುನ್ನುಡಿಗೆ ಯಾವ ಅಂಕಿ ಹಾಕೋದು? ಅದಕ್ಕೇ ಆ ಪುಟಗಳಿಗೆ ಸಣ್ಣಕ್ಷರದ ರೋಮನ್ ಅಂಕಿ. ನನ್ನ ರೋಮನ್ ಪಾಠ ಶುರುವಾದದ್ದು ಅಲ್ಲಿಂದಲೇ.

1983ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಗದಗಿನ ಒಂದು ಪ್ರೆಸ್ಸಿಗೆ ಸೇರಿದೆ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಕೆಲಸ ಕಲಿಯುವ ಹುಡುಗರಿಗೆ ಅಲ್ಲಿ ಕೊರತೆ ಇರಲಿಲ್ಲ, ಸಂಬಳಕ್ಕೆ ಇತ್ತು. ನನಗೆ ಮೊಳೆ, ಅಂದರೆ ಸೀಸದ ಅಚ್ಚಿನ ಅಕ್ಷರ, ಜೋಡಿಸಲು ಕಲಿಸಿದ ಹಿರಿಯ ಕಂಪೋಸಿಟರ್‌ಗೆ ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಪ್ರೂಫ್ ನೋಡುವಾಗ ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ತಿದ್ದಬೇಕು. ಹಾಗಾಗಿ ರೋಮನ್ ಅಂಕಿ ನನಗೆ ಮೊದಲು ಬಂದದ್ದು ಕಣ್ಣಿಗಲ್ಲ, ಕಿವಿಗೆ. ಹದಿನಾಲ್ಕು ಅಂದರೆ 'ಎಕ್ಸ್-ಐ-ವಿ'. ಇಲ್ಲೂ ಹಾಗೇ ಬರೆಯುತ್ತೇನೆ.

ಶಾಲೆಯಲ್ಲಿ ಕಲಿತದ್ದು ಗಡಿಯಾರದ ಹನ್ನೆರಡರವರೆಗೆ ಮಾತ್ರ ನೆನಪಿತ್ತು. ಕಾಕಾ ಮೊದಲ ದಿನವೇ 16 ಪುಟದ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಕೊಟ್ಟು, ರೋಮನ್ ಅಂಕಿ ಜೋಡಿಸು ಅಂದರು. ನಮ್ಮದು ಕನ್ನಡ ಪ್ರೆಸ್ಸು, ಆ ಅಳತೆಯ ಇಂಗ್ಲಿಷ್ ಮೊಳೆ ಇದ್ದದ್ದು ಒಂದೇ ಕೇಸು, ಅಂದರೆ ಅಕ್ಷರಕ್ಕೊಂದು ಖಾನೆ ಇರುವ ಪೆಟ್ಟಿಗೆ. ಐ ಖಾನೆ ತುಂಬಿತ್ತು. ಎಕ್ಸ್ ಖಾನೆಯಲ್ಲಿ ಬರೀ ಐದು ಮೊಳೆ. ಇಂಗ್ಲಿಷಿನಲ್ಲಿ ಅದರ ಬಳಕೆಯೇ ಕಮ್ಮಿ ಅಲ್ವಾ. ಒಂಬತ್ತರಿಂದ ಎಕ್ಸ್ ಶುರು. ಹದಿಮೂರು ಮುಗಿಸುವಷ್ಟರಲ್ಲಿ ಐದೂ ಖಾಲಿ. ಪಕ್ಕದ ಪ್ರೆಸ್ಸಿಗೆ ಹೋಗಿ ಮೂರು ಎಕ್ಸ್ ಕಡ ತಂದೆ. ಆಮೇಲೆ ಬುದ್ಧಿ ಬಂತು. ಕೂತು ಲೆಕ್ಕ ಹಾಕಿದೆ: 16 ಪುಟಕ್ಕೂ ಅಂಕಿ ಹಾಕಬೇಕೆಂದರೆ 22 ಐ, 8 ವಿ, 8 ಎಕ್ಸ್ ಬೇಕು. ಹಾಗೆ ಒಂದೊಂದಾಗಿ ಎಣಿಸುತ್ತಾ ಹದಿನಾರರವರೆಗೆ ಬಾಯಿಪಾಠವೇ ಆಗಿಹೋಯಿತು.

ಕಾಕಾ ಹೇಳಿದ ಸೂತ್ರ ಒಂದೇ. "ತಮ್ಮಾ, ಸಣ್ಣದು ಆಮ್ಯಾಲ ಬಂದ್ರ ಕೂಡ್ಸು, ಮೊದ್ಲ ಬಂದ್ರ ಕಳಿ." ವಿ-ಐ ಆರು, ಐ-ವಿ ನಾಲ್ಕು. ನಾವು 'ಹತ್ತಕ್ಕೆ ಐದು ನಿಮಿಷ ಕಮ್ಮಿ' ಅನ್ನೋದಿಲ್ಲವೇ, ಹಾಗೆ ಅಂದುಕೊಂಡೆ. ನಮ್ಮ ಒಂಬತ್ತಿನ ಒಳಗೂ ಹಳಗನ್ನಡದ ಪತ್ತು, ಅಂದರೆ ಹತ್ತು, ಕೂತಿದೆ. ಒಂದು ಕಮ್ಮಿ ಪತ್ತು. ಐ-ಎಕ್ಸ್ ಅಂದರೂ ಅದೇ.

ಆದರೆ ಈ ಸೂತ್ರ ಒಂದನ್ನೇ ನಂಬಿ ನಾನು ಎಡವಿದೆ. ತೊಂಬತ್ತೊಂಬತ್ತು ಬರಿ ಅಂದರೆ ಐ-ಸಿ ಅಂತ ಬರೆದೆ. ಸಿ ಅಂದರೆ ನೂರು, ಅದರ ಮುಂದೆ ಒಂದು, ಲೆಕ್ಕ ಸರಿ ಕಾಣುತ್ತಲ್ಲ. ಕಾಕಾ ನಕ್ಕುಬಿಟ್ಟರು. ಐ ಕಳೆಯುವುದು ವಿ, ಎಕ್ಸ್‌ನಿಂದ ಮಾತ್ರ. ಎಕ್ಸ್ ಕಳೆಯುವುದು ಎಲ್ (ಐವತ್ತು), ಸಿ ಇವುಗಳಿಂದ. ಸಿ ಕಳೆಯುವುದು ಡಿ (ಐನೂರು), ಎಂ (ಸಾವಿರ) ಇವುಗಳಿಂದ. ವಿ, ಎಲ್, ಡಿ ಯಾವುದರ ಮುಂದೆಯೂ ನಿಂತು ಕಳೆಯುವುದಿಲ್ಲ. ಇದನ್ನೆಲ್ಲ ಬಾಯಿಪಾಠ ಮಾಡಲು ಹೋದರೆ ತಲೆ ಕೆಡುತ್ತದೆ.

ನಾನು ಮಾಡಿಕೊಂಡ ದಾರಿ ಬೇರೆ. ಸಂಖ್ಯೆಯನ್ನು ಬಿಡಿ, ಹತ್ತು, ನೂರು, ಸಾವಿರ ಅಂತ ಒಡೆಯುವುದು. ಒಂದರಿಂದ ಒಂಬತ್ತರವರೆಗೆ ಐ, ವಿ, ಎಕ್ಸ್ ಹೇಗೆ ಕೂರುತ್ತವೋ ಅದೇ ಕುಣಿತ ಹತ್ತರ ಮನೆಯಲ್ಲಿ ಎಕ್ಸ್, ಎಲ್, ಸಿ ಕುಣಿಯುತ್ತವೆ. ನೂರರ ಮನೆಯಲ್ಲಿ ಸಿ, ಡಿ, ಎಂ. ಒಂದು ಗೊತ್ತಿದ್ದರೆ ಮೂರೂ ಬಂದ ಹಾಗೆ. ಮರುವರ್ಷ ಒಂದು ಸ್ಮರಣ ಸಂಚಿಕೆಯ ಮುಖಪುಟಕ್ಕೆ 1984 ರೋಮನ್‌ನಲ್ಲೇ ಬೇಕು ಅಂದರು. ಸಾವಿರಕ್ಕೆ ಎಂ. ಒಂಬೈನೂರಕ್ಕೆ ಸಿ-ಎಂ. ಎಂಬತ್ತಕ್ಕೆ ಎಲ್-ಎಕ್ಸ್-ಎಕ್ಸ್-ಎಕ್ಸ್. ನಾಲ್ಕಕ್ಕೆ ಐ-ವಿ. ಸಾಲಾಗಿ ಜೋಡಿಸಿದೆ, ಮುಗೀತು. ಸೊನ್ನೆ ಇದ್ದ ಮನೆಗೆ ಏನೂ ಹಾಕಬಾರದು, ರೋಮನ್‌ನಲ್ಲಿ ಸೊನ್ನೆಯೇ ಇಲ್ಲ. ಅದಕ್ಕೇ 2005 ಬರೀ ಎಂ-ಎಂ-ವಿ, ಮೂರೇ ಮೊಳೆ. 1888 ಮಾತ್ರ ಕಂಪೋಸಿಟರ್‌ನ ಶತ್ರು: ಹದಿಮೂರು ಮೊಳೆ!

ಇಷ್ಟು ಬಂದ ಮೇಲೆ ಸ್ವಲ್ಪ ಕೊಬ್ಬೂ ಬಂತು. ಪ್ರೆಸ್ಸಿನ ಗೋಡೆ ಗಡಿಯಾರದಲ್ಲಿ ನಾಲ್ಕರ ಜಾಗದಲ್ಲಿ ನಾಲ್ಕು ಗೆರೆ ಇದ್ದವು, ಐ-ವಿ ಅಲ್ಲ. ಗಡಿಯಾರವೇ ತಪ್ಪು ಅಂದೆ. ಹಳೇ ರೋಮನ್ನರು ಎರಡೂ ರೀತಿ ಬರೆಯುತ್ತಿದ್ದರು, ಗಡಿಯಾರ ಮಾಡುವವರು ನಾಲ್ಕು ಗೆರೆಯನ್ನೇ ಉಳಿಸಿಕೊಂಡರು ಅನ್ನೋದು ನನಗೆ ಆಗ ಗೊತ್ತಿರಲಿಲ್ಲ. ಕಾಕಾ ಕೈಯಲ್ಲಿದ್ದ ಮೊಳೆ ಜೋಡಿಸುವ ಸ್ಟಿಕ್ಕಿನಿಂದ ತಲೆ ಎತ್ತದೆ ಹೇಳಿದರು: "ಗಡಿಯಾರದಾಗ ನಡೀತೈತಿ, ನಿನ್ನ ಸ್ಟಿಕ್ಕಿನಾಗ ನಡಿಯಂಗಿಲ್ಲ."

ಆ ಕೊಬ್ಬು ಇಳಿದದ್ದು ಕಾನೂನು ವಿದ್ಯಾರ್ಥಿಗಳಿಗಾಗಿ ಅಚ್ಚಾಗುತ್ತಿದ್ದ ಭಾರತೀಯ ದಂಡ ಸಂಹಿತೆಯ ಗೈಡಿನಲ್ಲಿ. 1860ರ ಆ ಕಾಯ್ದೆಯ ಅಧ್ಯಾಯಗಳಿಗೆಲ್ಲ ರೋಮನ್ ಅಂಕಿ. ನಾಲ್ಕನೇ ಅಧ್ಯಾಯ ಸಾಮಾನ್ಯ ಅಪವಾದಗಳದ್ದು, ಆರನೆಯದು ರಾಜ್ಯದ ವಿರುದ್ಧದ ಅಪರಾಧಗಳದ್ದು. ನಾಲ್ಕರ ಪ್ರೂಫ್ ಸರಿ ಇತ್ತು, ಕಾಕಾ ಸಹಿ ಹಾಕಿದ್ದರು. ಫಾರಂ ಪುಟ ಕಟ್ಟುವ ಕಲ್ಲಿನ ಮೇಲಿತ್ತು. ನಾನು ಕಲ್ಲಿನ ಎದುರು ಕಡೆಯಿಂದ ಬಂದು ಬಗ್ಗಿ ನೋಡಿದೆ. ಅಂಕಿ ಒಂದೇ ಒಂದು ಸಾಲಿನಲ್ಲಿ ಒಂಟಿಯಾಗಿ ನಿಂತಿತ್ತು. ವಿ-ಐ! ಎದೆ ಧಸಕ್ ಅಂತು. ಯಾರನ್ನೂ ಕೇಳದೆ ಚೌಕಟ್ಟು ಸಡಿಲಿಸಿ, ಚಿಮಟದಿಂದ ಎರಡು ಮೊಳೆ ಎತ್ತಿ ಅದಲು ಬದಲು ಮಾಡಿದೆ. ಒಂದು ತಪ್ಪು ಉಳಿಸಿದೆ ಅಂತ ಒಳಗೊಳಗೇ ಖುಷಿ.

ಮೊಳೆಯ ಮೇಲೆ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿರುತ್ತದೆ. ಅದಕ್ಕೇ ನಾವು ತಲೆಕೆಳಗಾಗಿ ಹಿಡಿದು ಎಡದಿಂದ ಬಲಕ್ಕೆ ಓದುವುದು. ನೆಟ್ಟಗೆ ಕಾಣುವ ಕಡೆಯಿಂದ ನೋಡಿದರೆ ಸಾಲು ಬಲದಿಂದ ಎಡಕ್ಕೆ ಓಡುತ್ತದೆ. ಬೇರೆ ಅಕ್ಷರವಾದರೆ ತಿರುಗಿದ್ದು ತಕ್ಷಣ ಗೊತ್ತಾಗುತ್ತದೆ. ಎಲ್, ಸಿ, ಡಿ ಉಲ್ಟಾ ಇದ್ದರೆ ತಾವೇ ಕೂಗಿ ಹೇಳುತ್ತವೆ. ದೊಡ್ಡಕ್ಷರದ ಐ, ವಿ, ಎಕ್ಸ್ ಹಾಗಲ್ಲ. ಕನ್ನಡಿಯಲ್ಲೂ ಅವು ಹಾಗೇ ಕಾಣುತ್ತವೆ. ಐ-ವಿ ಆ ಕಡೆಯಿಂದ ಅಚ್ಚುಕಟ್ಟಾದ ವಿ-ಐ. ಐ-ಎಕ್ಸ್ ಅಚ್ಚುಕಟ್ಟಾದ ಎಕ್ಸ್-ಐ. ಗುರುತು ಒಂದೇ, ಕಾಕಾ ಆಮೇಲೆ ತೋರಿಸಿದರು: ವಿ ಅಕ್ಷರದ ಎಡಗಾಲು ದಪ್ಪ, ಬಲಗಾಲು ತೆಳು. ದಪ್ಪ ಕಾಲು ಬಲಕ್ಕೆ ಕಂಡರೆ ನೀನು ನಿಂತ ಜಾಗವೇ ತಪ್ಪು.

ಗೊತ್ತಾದದ್ದು ಸಾವಿರ ಪ್ರತಿ ಅಚ್ಚಾದ ಮೇಲೆ. ಸಾಮಾನ್ಯ ಅಪವಾದಗಳು ಆರನೇ ಅಧ್ಯಾಯದಲ್ಲಿ ಕೂತಿದ್ದವು, ಗೈಡಿನಲ್ಲಿ ಆರನೇ ಅಧ್ಯಾಯ ಎರಡು. ಮಾಲೀಕರು ಏನಂದರು ಅನ್ನೋದು ಬೇಡ ಬಿಡಿ. ಕಾಕಾ ಬೈಯಲಿಲ್ಲ. ತಿದ್ದುಪಡಿ ಚೀಟಿಯ ಮೊಳೆ ನೀನೇ ಜೋಡಿಸು ಅಂದರು, ಮೂರು ಸಲ ಪ್ರೂಫ್ ತೆಗೆಸಿದರು. ಸಾವಿರ ಚೀಟಿಯನ್ನೂ ಮೈದಾ ಅಂಟು ಹಚ್ಚಿ ನಾನೇ ಅಂಟಿಸಿದೆ. ಎರಡು ದಿನ ಹಿಡಿಯಿತು. 'ವಿ-ಐ ಬದಲು ಐ-ವಿ ಎಂದು ಓದಿಕೊಳ್ಳಿ.' ಒಂದೊಂದು ಚೀಟಿ ಅಂಟಿಸುವಾಗಲೂ ಬಾಯಿಬಿಟ್ಟು ಓದಬೇಕು ಅಂತ ಕಾಕಾ ಹೇಳಿದ್ದರು. ಓದಿದೆ.