ಲೆಹೆಂಗಾಕ್ಕೆ ಬೂಷ್ಟು ಹಿಡಿಯುವ ಮೊದಲೇ ಮಾರಿಬಿಡಿ

ಚಿಕ್ಕಮಗಳೂರಿನಲ್ಲಿ ಮಳೆ ನಿಂತ ಮೇಲೆ ಬೀರು ತೆಗೆದವರಿಗೆ ಆ ವಾಸನೆ ಗೊತ್ತು. ಮೂರು ವರ್ಷದ ಹಿಂದೆ ಅಕ್ಟೋಬರಿನಲ್ಲಿ ನಾನು ತೆಗೆದಾಗ, ಅಮೆರಿಕದಲ್ಲಿರುವ ಅಣ್ಣ ತಂದುಕೊಟ್ಟ ಕೋಚ್ ಕಂಪನಿಯ ಹ್ಯಾಂಡ್‌ಬ್ಯಾಗಿನ ಮೇಲೆ ರಾಗಿ ಹಿಟ್ಟು ಚೆಲ್ಲಿದ ಹಾಗೆ ಬೂಷ್ಟು ಕೂತಿತ್ತು. ಅದನ್ನು ಹಿಡಿದದ್ದು ಎರಡೇ ಸಲ. ಒಂದು ಮದುವೆಗೆ, ಇನ್ನೊಂದು ಅದೇ ಮದುವೆಯ ಬೀಗರೂಟಕ್ಕೆ. ಹಾಳಾಗಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎತ್ತಿಟ್ಟಿದ್ದೆ. ಎತ್ತಿಟ್ಟಿದ್ದಕ್ಕೇ ಹಾಳಾಯಿತು.

ಮಲೆನಾಡಿನಲ್ಲಿ ಬೆಲೆಬಾಳುವ ಬಟ್ಟೆಗೆ ಪ್ರತಿ ಮಳೆಗಾಲವೂ ಒಂದು ಕಂಟಕ. ಇನ್ನು ಉಡುವುದಿಲ್ಲ ಅಂತ ನಿಮಗೇ ಗೊತ್ತಿದ್ದರೆ, ಅದು ಚೆನ್ನಾಗಿರುವಾಗಲೇ ಮಾರಿಬಿಡಿ. ಊರಲ್ಲೇ ಮಾರಲು ಹೋದರೆ "ಪಾಪ, ತೋಟ ಸಾಲದಲ್ಲಿದೆಯಂತೆ" ಅಂತ ಸಂತೆಯವರೆಗೂ ಸುದ್ದಿ ಹೋಗುತ್ತದೆ. ಆನ್‌ಲೈನಿನಲ್ಲಿ ಆ ತಾಪತ್ರಯ ಇಲ್ಲ. ಕೊಳ್ಳುವವಳು ಪುಣೆಯಲ್ಲೋ ದೆಹಲಿಯಲ್ಲೋ ಇರುತ್ತಾಳೆ, ಅವಳಿಗೆ ನಿಮ್ಮ ಮನೆತನ ಗೊತ್ತಿಲ್ಲ. ಅದೇ ಕಷ್ಟವೂ ಹೌದು. ಅವಳು ನಂಬಬೇಕಾದ್ದು ನೀವು ಹಾಕಿದ ಫೋಟೋ ಮತ್ತು ಬರೆದ ನಾಲ್ಕು ಸಾಲನ್ನು ಮಾತ್ರ.

ಮೊದಲು ಬೀರು ಖಾಲಿ ಮಾಡಿ ಮಂಚದ ಮೇಲೆ ಹಾಕಿ

ಮೂರು ಗುಡ್ಡೆ ಮಾಡಿ. ಒಂದು, ಹೆಸರಿರುವ ಬ್ರ್ಯಾಂಡಿನವು. ಸಬ್ಯಸಾಚಿ, ಅನಿತಾ ಡೋಂಗ್ರೆ, ರಿತು ಕುಮಾರ್, ಮನೀಶ್ ಮಲ್ಹೋತ್ರಾ ಲೇಬಲ್ ಇರುವ ಬಟ್ಟೆ, ವಿದೇಶದಿಂದ ಬಂದ ಗುಚ್ಚಿ, ಕೋಚ್, ಲೂಯಿ ವಿಟಾನ್ ಬ್ಯಾಗು, ಶೂ, ಬೆಲ್ಟು. ಇವಕ್ಕೆ ಗಿರಾಕಿ ಇದ್ದಾರೆ. ಎರಡನೆಯದು, ಬೊಟೀಕಿನಲ್ಲಿ ಹೊಲಿಸಿದ್ದು. ಕೆಲಸ ಎಷ್ಟೇ ಚೆಂದ ಇರಲಿ, ಇದಕ್ಕೆ ಡಿಸೈನರ್ ಬೆಲೆ ಸಿಗುವುದಿಲ್ಲ. ಇನ್‌ಸ್ಟಾಗ್ರಾಮಿನ ಥ್ರಿಫ್ಟ್ ಪೇಜುಗಳಲ್ಲಿ (ಉಟ್ಟ ಬಟ್ಟೆ ಮಾರುವ ಪುಟಗಳು) ಕಮ್ಮಿ ಬೆಲೆಗೆ ಹೋಗುತ್ತದೆ, ಅಷ್ಟೇ. ಮೂರನೆಯದು ಮಾರಬಾರದ್ದು. ನಮ್ಮ ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು: "ಧಾರೆ ಸೀರೆ ಮುಟ್ಟಬೇಡ ಕಣೇ. ಉಳಿದಿದ್ದಕ್ಕೆ ನೀನುಂಟು, ನಿನ್ನ ಫೋನುಂಟು." ನಾನೂ ಮುಟ್ಟಲಿಲ್ಲ. ಆದರೆ ರಿಸೆಪ್ಷನ್ನಿಗೆ ಹಾಕಿದ ಲೆಹೆಂಗಾದ ಮೇಲೆ ಯಾರಿಗೂ ಅಂಥ ಮಮತೆ ಇರುವುದಿಲ್ಲ. ಮಾರಲಿಕ್ಕೆ ಸಿಗುವುದೂ ಹೆಚ್ಚಾಗಿ ಅದೇ.

ಇನ್ನೊಂದು ಜಾತಿ ಇದೆ, "ಫಸ್ಟ್ ಕಾಪಿ" ಅನ್ನುವುದು. ಮೊದಲನೇ ಕಾಪಿಯೋ ಹತ್ತನೆಯದೋ, ನಕಲಿ ನಕಲಿಯೇ. ಅದನ್ನು ಗೊತ್ತಿದ್ದೂ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಉಡುಗೊರೆಯಾಗಿ ಬಂದ ಬ್ಯಾಗು ಅಸಲಿಯೋ ಅಲ್ಲವೋ ಅಂತ ಅನುಮಾನ ಇದ್ದರೆ ಪಟ್ಟಿಯಿಂದ ತೆಗೆದುಬಿಡಿ. ಕೊಟ್ಟವರನ್ನು ಕೇಳುವುದೂ ಚೆನ್ನಾಗಿರುವುದಿಲ್ಲ, ಅಲ್ವಾ?

ಬಿಲ್ಲು ಎಲ್ಲಿಟ್ಟಿದ್ದೀರಿ?

ಬಟ್ಟೆಗಿಂತ ಮೊದಲು ಇದನ್ನು ಹುಡುಕಿ. ಬಿಲ್ಲು, ಡಬ್ಬ, ಬ್ಯಾಗಿನ ಜೊತೆ ಬಂದ ಬಟ್ಟೆ ಚೀಲ, ಕಾರ್ಡು, ಕಿತ್ತಿಟ್ಟ ಟ್ಯಾಗು, ಜಾಸ್ತಿ ಕೊಟ್ಟ ಗುಂಡಿ, ಎಲ್ಲಾ ಬೇಕು. ಕಾಗದದ ಬಿಲ್ಲು ಕಳೆದಿದ್ದರೆ ಅಂಗಡಿಯವರು ಆವತ್ತು ಕಳಿಸಿದ ಇಮೇಲ್, ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿ. ಸ್ಕ್ರೀನ್‌ಶಾಟ್ ತೆಗೆದು ಕಾರ್ಡ್ ನಂಬರ್, ವಿಳಾಸ ಅಳಿಸಿ ಇಟ್ಟುಕೊಳ್ಳಿ.

ಬ್ಯಾಗಿನ ಒಳಗಿನ ನಂಬರ್ ಬಗ್ಗೆ ತಪ್ಪು ಕಲ್ಪನೆ ಬಹಳ ಇದೆ. ಲೂಯಿ ವಿಟಾನ್ ಹಳೇ ಬ್ಯಾಗುಗಳಲ್ಲಿ ಎಲ್ಲಿ, ಯಾವಾಗ ಮಾಡಿದ್ದು ಅಂತ ಹೇಳುವ ಡೇಟ್ ಕೋಡ್ ಅಂತ ಇರುತ್ತಿತ್ತು. 2021ರಿಂದ ಅದನ್ನು ಬಿಟ್ಟು ಕಣ್ಣಿಗೆ ಕಾಣದ ಮೈಕ್ರೋಚಿಪ್ ಹಾಕುತ್ತಿದ್ದಾರೆ. ಹಾಗಾಗಿ ಹೊಸ ಬ್ಯಾಗಿನಲ್ಲಿ ಕೋಡ್ ಇಲ್ಲ ಅಂದಾಕ್ಷಣ ನಕಲಿ ಅಲ್ಲ, ಹಳೆಯದರಲ್ಲಿ ಕೋಡ್ ಇದೆ ಅಂದಾಕ್ಷಣ ಅಸಲಿಯೂ ಅಲ್ಲ. ನಕಲಿ ಮಾಡುವವನಿಗೆ ನಂಬರ್ ಒತ್ತುವುದು ಕಷ್ಟವೇ? ಹೊಲಿಗೆ, ಜಿಪ್ಪು, ಚರ್ಮದ ಅಂಚು, ಅಕ್ಷರದ ಅಂತರ ಎಲ್ಲದರ ಹತ್ತಿರದ ಫೋಟೋ ಕೊಡಿ, ಪರೀಕ್ಷೆ ಮಾಡುವವರು ಅದನ್ನೇ ನೋಡುವುದು. ರೇಷ್ಮೆ ಸೀರೆ ಇದ್ದರೆ, ಅಪ್ಪಟ ರೇಷ್ಮೆ ಅಂತ ಹೇಳುವ ಸಿಲ್ಕ್ ಮಾರ್ಕ್ ಲೇಬಲ್ ಕಿತ್ತು ಬಿಸಾಡಬೇಡಿ.

ತೊಳೆಯುವುದು, ಅಥವಾ ತೊಳೆಯದೇ ಇರುವುದು

ಆ ಕೋಚ್ ಬ್ಯಾಗಿಗೆ ನಾನು ಏನು ಮಾಡಿದೆ ಗೊತ್ತಾ? ಬೂಷ್ಟು ಒರೆಸಿ, ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಸವರಿದೆ. ಹೊಳಪು ಬಂತು. ಜೊತೆಗೆ ಅಂಗೈ ಅಗಲದ ಕಪ್ಪು ಕಲೆಯೂ ಬಂತು, ಇನ್ನೂ ಹೋಗಿಲ್ಲ. ಈಗ ಅದರಲ್ಲಿ ಕರೆಂಟ್ ಬಿಲ್ಲು ಇಡುತ್ತೇನೆ.

ಸರಿಯಾದ ದಾರಿ ಇದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ಯಾಗನ್ನು ಮನೆಯಿಂದ ಹೊರಗೆ ತನ್ನಿ, ಒಳಗೇ ಕೊಡವಿದರೆ ಬೂಷ್ಟು ಪಕ್ಕದ ಸೀರೆಗೆ ಹೋಗುತ್ತದೆ. ಮೆತ್ತನೆ ಬ್ರಶ್ಶಿನಿಂದ ತೆಗೆದು, ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಒಣಗಿಸಿ. ಬಿಸಿಲಿಗಿಟ್ಟರೆ ಚರ್ಮ ಬಿರುಕು ಬಿಡುತ್ತದೆ, ಬಣ್ಣವೂ ಹೋಗುತ್ತದೆ. ಒಳಗೆ ನ್ಯೂಸ್‌ಪೇಪರ್ ತುರುಕಬೇಡಿ, ಅದರ ಶಾಯಿ ಬಟ್ಟೆಗೆ ಹತ್ತುತ್ತದೆ. ಹಳೇ ಹತ್ತಿ ಪಂಚೆ ತುಂಡು ಸಾಕು. ಜೊತೆಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಕಸೂತಿ, ಜರಿ, ಮಣಿ ಇರುವ ಯಾವುದನ್ನೂ ಮನೆಯಲ್ಲಿ ನೆನೆಸಬೇಡಿ. ಡ್ರೈಕ್ಲೀನ್ ಮಾಡಿಸಿ, ಅದರ ಚೀಟಿಯನ್ನೂ ಫೋಟೋ ತೆಗೆಯಿರಿ. ನುಸಿ ಗುಳಿಗೆ ವಾಸನೆ ಹೋಗಲು ಎರಡು ಮೂರು ದಿನ ಗಾಳಿಗೆ ಹರವಬೇಕು. ಮೇಲೆ ಸೆಂಟು ಹೊಡೆದರೆ ಎರಡೂ ಸೇರಿ ಇನ್ನೂ ಕೆಟ್ಟದಾಗುತ್ತದೆ.

ಅಳತೆ ಟೇಪು ತನ್ನಿ

ಲೇಬಲಿನ ಮೇಲಿನ ಎಂ, ಎಲ್ ನಂಬಬೇಡಿ, ಒಬ್ಬೊಬ್ಬರದು ಒಂದೊಂದು ಅಳತೆ. ಬಟ್ಟೆಯನ್ನು ಚಪ್ಪಟೆ ಹಾಸಿ ಎದೆ, ಸೊಂಟ, ಹಿಪ್ಪು, ತೋಳು, ಉದ್ದ ಇಂಚಿನಲ್ಲಿ ಬರೆಯಿರಿ. ಲೆಹೆಂಗಾ ಆದರೆ ಸೊಂಟದಿಂದ ಅಂಚಿನವರೆಗಿನ ಉದ್ದ, ಘೇರು (ಅಂಚಿನ ಸುತ್ತಳತೆ), ಒಳಗೆ ಉಬ್ಬಿಸುವ ಗಟ್ಟಿ ನೆಟ್ಟಿನ ಪದರ, ಅಂದರೆ ಕ್ಯಾನ್‌ಕ್ಯಾನ್ ಇದೆಯೋ ಇಲ್ಲವೋ, ಮದುವೆ ದಿನ ಎಷ್ಟು ಎತ್ತರದ ಹೀಲ್ಸ್ ಹಾಕಿದ್ದಿರಿ ಅನ್ನುವುದನ್ನೂ ಸೇರಿಸಿ.

ಬ್ಲೌಸಿನ ವಿಷಯದಲ್ಲಿ ಒಂದು ಗುಟ್ಟು. ಒಳಗೆ ಮಡಚಿಟ್ಟ ಮಾರ್ಜಿನ್ ಎಷ್ಟಿದೆ ಅಂತ ಬರೆಯಿರಿ. "ಎರಡೂ ಬದಿ ಒಂದೂವರೆ ಇಂಚು ಬಿಚ್ಚಬಹುದು" ಅಂದರೆ 34 ಅಳತೆಯ ಬ್ಲೌಸನ್ನು 36ರವಳೂ ಕೊಳ್ಳುವ ಯೋಚನೆ ಮಾಡುತ್ತಾಳೆ. ನಾನು ನೋಡಿದ ಲಿಸ್ಟಿಂಗುಗಳಲ್ಲಿ (ಮಾರಾಟಕ್ಕೆ ಹಾಕಿದ ಪುಟಗಳಲ್ಲಿ) ಇದನ್ನು ಬರೆದವರು ತೀರಾ ಕಮ್ಮಿ. ಗಿರಾಕಿ ಮೊದಲು ಕೇಳುವುದು ಮಾತ್ರ ಇದನ್ನೇ.

ಫೋಟೋಗೆ ಮೋಡ ಒಳ್ಳೆಯದು

ನಮ್ಮ ಮೋಡ ಇಲ್ಲಿ ಮಾತ್ರ ಉಪಕಾರಕ್ಕೆ ಬರುತ್ತದೆ. ಮೋಡ ಕವಿದ ಬೆಳಗ್ಗೆ, ಜಗಲಿಯಲ್ಲಿ, ಸುಣ್ಣದ ಬಿಳಿ ಗೋಡೆಯ ಎದುರು ಹ್ಯಾಂಗರಿಗೆ ಹಾಕಿ ತೆಗೆಯಿರಿ. ಗಟ್ಟಿ ನೆರಳಿಲ್ಲ, ಬಣ್ಣ ಇದ್ದ ಹಾಗೇ ಬರುತ್ತದೆ. ರೆಡ್ ಆಕ್ಸೈಡ್ ನೆಲದ ಮೇಲೆ ಹಾಸಿ ತೆಗೆದರೆ ಕೆನೆ ಬಣ್ಣದ ಬಟ್ಟೆಗೆ ಗುಲಾಬಿ ಛಾಯೆ ಬರುತ್ತದೆ. ಆಮೇಲೆ "ಬಣ್ಣ ಬೇರೆ ಇದೆ" ಅಂತ ವಾಪಸ್ ಕಳಿಸುತ್ತಾರೆ. ಫಿಲ್ಟರ್ ಬೇಡ. ಡಿಸೈನರ್ ವೆಬ್‌ಸೈಟಿನಿಂದ ಮಾಡೆಲ್ ಫೋಟೋ ಕದಿಯುವುದೂ ಬೇಡ.

ಹಾಕಿಕೊಂಡ ಫೋಟೋ ಕೇಳುತ್ತಾರೆ. ಮುಖ ಕತ್ತರಿಸಿ ಕೊಡಿ, ಪಕ್ಕದಲ್ಲಿ ನಿಂತ ಗಂಡನನ್ನೂ.

ಮುಂದೆ, ಹಿಂದೆ, ಲೇಬಲ್, ಕಸೂತಿ, ಅಂಚು, ಒಳಗಿನ ಹೊಲಿಗೆ. ಆಮೇಲೆ ಕೊರತೆಗಳು, ಒಂದೊಂದಕ್ಕೂ ಒಂದು ಫೋಟೋ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಕಲೆಯ ಗಾತ್ರ ತಿಳಿಯುತ್ತದೆ. ಮೊದಲ ಸಲ ಒಂದು ಕುರ್ತಾ ಮಾರಿದಾಗ ಕಂಕುಳ ಹತ್ತಿರದ ಬೆವರಿನ ಕಲೆಯನ್ನು ನಾನು ಬೇಕಂತಲೇ ತೋರಿಸಿರಲಿಲ್ಲ. ಸಣ್ಣದು, ಯಾರು ನೋಡುತ್ತಾರೆ ಅಂತ. ಕೊಂಡವಳು ಡಬ್ಬ ಬಿಚ್ಚಿದವಳೇ ಅದನ್ನೇ ನೋಡಿದಳು. ಹಣ ವಾಪಸ್, ಹೋಗಿಬರುವ ಕೊರಿಯರ್ ಖರ್ಚು ನನ್ನ ತಲೆಗೆ, ಮೇಲೊಂದು ಕೆಟ್ಟ ರೇಟಿಂಗ್. ಅದೇ ಕುರ್ತಾವನ್ನು ಕಲೆಯ ಫೋಟೋವನ್ನೇ ಎರಡನೆಯದಾಗಿ ಇಟ್ಟು ಮತ್ತೆ ಹಾಕಿದೆ, 300 ರೂಪಾಯಿ ಇಳಿಸಿದೆ, ಹೋಯಿತು.

ಎಲ್ಲಿ ಹಾಕುವುದು

ದಾರಿ ಎರಡು. ಒಂದರಲ್ಲಿ ವಸ್ತುವನ್ನು ಅವರಿಗೇ ಕಳಿಸಿಕೊಡುತ್ತೀರಿ. ಅವರು ಅಸಲಿತನ ನೋಡಿ, ಫೋಟೋ ತೆಗೆದು, ಮಾರಿ, ಕಮಿಷನ್ ಹಿಡಿದು ಉಳಿದದ್ದನ್ನು ಕೊಡುತ್ತಾರೆ. ಅಮೆರಿಕದಲ್ಲಿ 2011ರಲ್ಲಿ ಶುರುವಾದ ದಿ ರಿಯಲ್‌ರಿಯಲ್ ಈ ಬಗೆಯದು. ಭಾರತದ ದೊಡ್ಡ ನಗರಗಳಲ್ಲೂ ಇಂಥವರಿದ್ದಾರೆ. ಇನ್ನೊಂದರಲ್ಲಿ ಫೋಟೋ, ಬೆಲೆ, ಮಾತುಕತೆ ಎಲ್ಲಾ ನಿಮ್ಮದೇ. 2009ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ವೆಸ್ಟಿಯೇರ್ ಕಲೆಕ್ಟಿವ್ ಮಾರುವವರಿಂದಲೇ ಲಿಸ್ಟಿಂಗ್ ಹಾಕಿಸುತ್ತದೆ. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಇನ್‌ಸ್ಟಾಗ್ರಾಮಿನಲ್ಲಿ ಅಸಲಿತನ ನೋಡುವವರು ಯಾರೂ ಇಲ್ಲ. ದುಬಾರಿ ಬ್ಯಾಗಿಗೆ ನಾನು ಹೇಳುವುದು ಮೊದಲ ದಾರಿ. ಕಮಿಷನ್ ಉರಿಯುತ್ತದೆ, ನಿಜ. ಆದರೆ "ಇದು ಅಸಲಿ" ಅಂತ ಅಪರಿಚಿತರ ಹತ್ತಿರ ಆಣೆ ಹಾಕುವ ಕೆಲಸ ತಪ್ಪುತ್ತದೆ.

ಯಾವುದೇ ತಾಣಕ್ಕೆ ಸೇರುವ ಮೊದಲು ಭಾರತದಿಂದ ಮಾರಲು ಬಿಡುತ್ತಾರಾ, ಹಣ ಎಷ್ಟು ದಿನಕ್ಕೆ ಬರುತ್ತದೆ, ಮಾರಾಟವಾಗದಿದ್ದರೆ ವಾಪಸ್ ಕಳಿಸುವ ಖರ್ಚು ಯಾರದು, ಇಷ್ಟನ್ನು ಓದಿ. ಬಂದ ಹಣವನ್ನು ಅಲ್ಲಿನ ವಾಲೆಟ್ಟಿನಲ್ಲಿ ಬಿಡಬೇಡಿ. ಪಾಶ್‌ಮಾರ್ಕ್ ಅನ್ನುವ, ಹಳೇ ಬಟ್ಟೆ ಮಾರುವ ಅಮೆರಿಕದ ತಾಣ 2021ರಲ್ಲಿ ಭಾರತಕ್ಕೆ ಬಂದು 2023ರಲ್ಲಿ ಬಾಗಿಲು ಹಾಕಿತು. ದೊಡ್ಡ ಹೆಸರು ಅಂದಮಾತ್ರಕ್ಕೆ ನಾಳೆಯೂ ಇರುತ್ತದೆ ಅನ್ನುವ ಹಾಗಿಲ್ಲ.

ಬೆಲೆ, ಮತ್ತೆ ಯಾವಾಗ

ನೀವು ಕೊಟ್ಟ ದುಡ್ಡನ್ನು ಮರೆತುಬಿಡಿ. ಲೆಹೆಂಗಾಕ್ಕೆ ಅದರ ಅರ್ಧ ಕೈಗೆ ಬಂದರೆ ನಾನು ಒಳ್ಳೆಯ ವ್ಯಾಪಾರ ಅನ್ನುತ್ತೇನೆ. ಅಂಥದ್ದೇ ವಸ್ತುವನ್ನು ಬೇರೆಯವರು ಎಷ್ಟಕ್ಕೆ ಹಾಕಿದ್ದಾರೆ ಅಂತಲ್ಲ, ಎಷ್ಟಕ್ಕೆ ಮಾರಿದ್ದಾರೆ ಅಂತ ಹುಡುಕಿ. ಹಾಕುವುದಕ್ಕೇನು, ಯಾರು ಎಷ್ಟು ಬೇಕಾದರೂ ಹಾಕಬಹುದು. ಆಮೇಲೆ ಕಾಗದದ ಮೇಲೆ ಲೆಕ್ಕ ಮಾಡಿ. 18,000ಕ್ಕೆ ಮಾರಿದಿರಿ, ಕಮಿಷನ್ ನೂರಕ್ಕೆ 20 ಅಂತ ಇಟ್ಟುಕೊಳ್ಳಿ, 3,600 ಹೋಯಿತು. ಡ್ರೈಕ್ಲೀನಿಂಗಿಗೆ 900, ಕೊರಿಯರಿಗೆ 250. ಕೈಗೆ ಬರುವುದು 13,250. ಚೌಕಾಸಿಗೆ ಅಂತ ಸ್ವಲ್ಪ ಮೇಲೆ ಹಾಕಿರಿ, ಆದರೆ ಇದಕ್ಕಿಂತ ಕೆಳಗೆ ಇಳಿಯಲ್ಲ ಅನ್ನುವ ಅಂಕಿ ಮೊದಲೇ ಮನಸ್ಸಿನಲ್ಲಿರಲಿ.

ಆಷಾಢದಲ್ಲಿ ಹಾಕಿ ಯಾರೂ ನೋಡುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಮದುವೆ ಬಟ್ಟೆ ಕೊಳ್ಳುವವರು ಮುಹೂರ್ತಕ್ಕೆ ಒಂದೆರಡು ತಿಂಗಳ ಮುಂಚೆ ಹುಡುಕುತ್ತಾರೆ. ಉತ್ತರದ ಕಡೆ ಮದುವೆಗಳು ಕಾರ್ತಿಕದಲ್ಲಿ ಮತ್ತೆ ಶುರುವಾಗುತ್ತವೆ, ಹಾಗಾಗಿ ಲೆಹೆಂಗಾಕ್ಕೆ ಆಗಸ್ಟಿನಿಂದ ಅಕ್ಟೋಬರ್ ಒಳ್ಳೆಯ ಕಾಲ. ತೊಡಕು ಏನೆಂದರೆ ಅಷ್ಟರೊಳಗೆ ನಮ್ಮ ಬೀರುವಿನಲ್ಲಿ ಬೂಷ್ಟು ಕೆಲಸ ಶುರು ಮಾಡಿರುತ್ತದೆ. ಅದಕ್ಕೇ ಏಪ್ರಿಲ್‌, ಮೇ ತಿಂಗಳಲ್ಲೇ ಶುಚಿ ಮಾಡಿಸಿ, ಅಳತೆ, ಫೋಟೋ ಮುಗಿಸಿಬಿಡಿ. ಬಟ್ಟೆ ಹತ್ತಿಯಲ್ಲಿ ಸುತ್ತಿ, ಸಾಧ್ಯವಾದರೆ ಬೆಂಗಳೂರಿನ ತಂಗಿಯ ಮನೆಗೆ ಸಾಗಿಸಿ. ಬ್ಯಾಗು, ಶೂಗೆ ಮುಹೂರ್ತ ಬೇಕಿಲ್ಲ.

ತೆರಿಗೆ ಬಗ್ಗೆ ಕೇಳುವವರಿಗೆ: ನೀವೇ ಉಟ್ಟ ಬಟ್ಟೆ ಆದಾಯ ತೆರಿಗೆ ಕಾನೂನಿನಲ್ಲಿ ಬಂಡವಾಳ ಆಸ್ತಿಯಲ್ಲ, ಅಂದರೆ ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ; ಒಡವೆಗೆ ಆ ರಿಯಾಯಿತಿ ಇಲ್ಲ. ಮಾರಲೆಂದೇ ತಂದು ಮಾರಲು ಶುರುಮಾಡಿದರೆ ಅದು ವ್ಯಾಪಾರ, ಆಗ ಆಡಿಟರ್ ಹತ್ತಿರ ಹೋಗಿ.

ದುಡ್ಡು ಬರುವಾಗ ಪಿನ್ ಒತ್ತಬೇಡಿ

ಚೌಕಾಸಿಯನ್ನೇ ಮಾಡದೆ, "ಮೇಡಂ ಈಗಲೇ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅನ್ನುವವನು ಕಳ್ಳ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ. ಸೈನ್ಯದವನು ಅಂತ ಗುರುತಿನ ಚೀಟಿ ತೋರಿಸಿದರೂ ಅಷ್ಟೇ. ಹಣ ಬಂದ ಸ್ಕ್ರೀನ್‌ಶಾಟ್ ನಂಬದೆ ನಿಮ್ಮ ಬ್ಯಾಂಕ್ ಖಾತೆಯನ್ನೇ ನೋಡಿ. ಮೋಸ ಹೋದರೆ ತಡ ಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಡಬ್ಬ ಕಟ್ಟುವುದು

ಕೊರಿಯರಿನವರು ಮನೆಗೇ ಬಂದು ಒಯ್ಯುವ ಪಿಕಪ್ ಇದೆಯಾ ಅಂತ ಪಿನ್‌ಕೋಡ್ ಹಾಕಿ ಮೊದಲೇ ನೋಡಿ. 577101ರ ಚಿಕ್ಕಮಗಳೂರು ಪೇಟೆಗೆ ಬರುವ ಹುಡುಗ ಆಲ್ದೂರಿನ ಆಚೆಯ ತೋಟದ ಮನೆಗೆ ಬರುತ್ತಾನೆ ಅನ್ನುವ ಭರವಸೆ ಇಲ್ಲ, ಜೀಪಿನ ದಾರಿ ಅಂದ ಕೂಡಲೇ ಫೋನ್ ಇಡುತ್ತಾನೆ. ಪೇಟೆಯ ನೆಂಟರ ವಿಳಾಸ ಕೊಡಿ, ಇಲ್ಲಾ ಅಂಚೆ ಕಚೇರಿಗೆ ಹೋಗಿ ಇನ್ಶೂರೆನ್ಸ್ ಸಮೇತ ಸ್ಪೀಡ್ ಪೋಸ್ಟ್ ಮಾಡಿ. ಬಟ್ಟೆಗೆ ಮೊದಲು ಹತ್ತಿ, ಅದರ ಮೇಲೆ ಪ್ಲಾಸ್ಟಿಕ್, ಆಮೇಲೆ ಗಟ್ಟಿ ರಟ್ಟಿನ ಡಬ್ಬ. ಮಡಚುವುದರಿಂದ ಹಿಡಿದು ಟೇಪ್ ಹಚ್ಚಿ ವಿಳಾಸದ ಚೀಟಿ ಅಂಟಿಸುವವರೆಗೆ ಎಲ್ಲೂ ನಿಲ್ಲಿಸದ ಒಂದೇ ವಿಡಿಯೋ ತೆಗೆಯಿರಿ.

ಮತ್ತೆ ಒಂದು ಕಿಲಾಡಿತನ ನಡೆಯುತ್ತದೆ: ನಿಮ್ಮ ಅಸಲಿ ಇಟ್ಟುಕೊಂಡು ಅಂಥದ್ದೇ ನಕಲಿಯನ್ನು "ಇಷ್ಟವಾಗಲಿಲ್ಲ" ಅಂತ ವಾಪಸ್ ಕಳಿಸುವುದು. ಅದಕ್ಕೆ ನಮ್ಮ ಟೈಲರ್ ಅಣ್ಣ ಹೇಳಿಕೊಟ್ಟ ಉಪಾಯ ಇದು. ಕಳಿಸುವ ಮುಂಚೆ ಲೈನಿಂಗಿನ ಒಳಗೆ, ಹುಡುಕಿದರೂ ಕಾಣದ ಜಾಗದಲ್ಲಿ, ಅದೇ ಬಣ್ಣದ ದಾರದಿಂದ ಎರಡು ಗಂಟು ಹಾಕಿ, ವಿಡಿಯೋದಲ್ಲಿ ಅದನ್ನು ಒಮ್ಮೆ ಹತ್ತಿರದಿಂದ ತೋರಿಸಿ. ವಾಪಸ್ ಬಂದ ಡಬ್ಬವನ್ನೂ ವಿಡಿಯೋ ಆನ್ ಮಾಡಿಯೇ ಬಿಚ್ಚಿ, ಮೊದಲು ಆ ಗಂಟಿದೆಯಾ ನೋಡಿ.